ಕೆಂಪು ದೀಪದಲ್ಲಿ ಕೂಗುವ ಕಾರು

ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಬಲ್ಲವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು. ಅವರು ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿದ್ದಾರೆ. ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಅಂಗಿ ಒಣಹಾಕುತ್ತಿದ್ದವರು ಮೋಡದ ಮೇಲೆ ಹೋಗುತ್ತಿದ್ದ ವಿಮಾನಕ್ಕೆ ಕಿವಿಗೊಟ್ಟು, "ಎಡಗಡೆ ರೆಕ್ಕೆ, ಮೂರನೇ ನಟ್ಟು, ಸಡಿಲ" ಅಂದರು. ಅಂದು ಬಾಯಿ ಮುಚ್ಚುವಷ್ಟರಲ್ಲಿ ಒಂದು ನಟ್ಟು ಟಣ್ಣೆಂದು ಅವರ ಬಕೆಟ್ಟಿಗೇ ಬಿತ್ತು. ಆ ನಟ್ಟು ಇವತ್ತಿಗೂ ಅವರ ಶೋಕೇಸಿನಲ್ಲಿದೆ, ಬೇಕಾದವರು ಬಂದು ನೋಡಬಹುದು. ಇಡೀ ಬೀದಿ ಅವರನ್ನು ಪಂಡಿತರು ಅಂತಲೇ ಕರೆಯುತ್ತದೆ. ಅಂಥವರು ಇರುವ ಕಟ್ಟಡದಲ್ಲೇ ಗ್ರಂಥಪಾಲಕರ ಕಾರು ಕೂಗಲು ಶುರುಮಾಡಿತು ಅಂದರೆ ಅದರ ಪೊಗರು ಎಷ್ಟಿರಬೇಕು ನೋಡಿ.

ಕೆಳಮನೆಯ ಗ್ರಂಥಪಾಲಕರು ಸದ್ದು ಅಂದರೆ ಆಗದ ಮನುಷ್ಯ. ಮೂವತ್ತು ವರ್ಷ ಓದುವ ಕೋಣೆಯಲ್ಲಿ ತುಟಿಗೆ ಬೆರಳು ಅಡ್ಡ ಹಿಡಿದೂ ಹಿಡಿದೂ ಅವರ ಮೀಸೆಯ ನಡುವೆ ಒಂದು ಬೈತಲೆಯೇ ಮೂಡಿತ್ತು. ಸೀನು ಬಂದರೂ ಒಂದೇ ಸಲ ಸೀನದೆ ಕಂತುಕಂತಾಗಿ ಮುಗಿಸುತ್ತಿದ್ದರು. ಅಂಥವರ ಕೈಗೆ ಆರು ತಿಂಗಳ ಹಿಂದೆ ಮಾವನ ಕಾರು ಬಂದಿತ್ತು. ಮಾವ ನಲವತ್ತು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದವರು. ಕೊಡುವಾಗಲೇ ಒಂದು ಷರತ್ತು ಹಾಕಿದ್ದರು: ಆರು ತಿಂಗಳಿಗೆ ಬಂದು ನೋಡುತ್ತೇನೆ, ಚೆನ್ನಾಗಿ ಇಟ್ಟುಕೊಂಡಿದ್ದರೆ ನಿಮ್ಮ ಹೆಸರಿಗೆ, ಇಲ್ಲವಾದರೆ ದೊಡ್ಡಳಿಯನಿಗೆ.

ಗ್ರಂಥಪಾಲಕರಿಗೆ ತಮಗಾಗಿ ಕಾರು ಬೇಕಿರಲಿಲ್ಲ. ಹೆಂಡತಿಗೆ ಮಂಡಿನೋವು. ಊರಿನ ಆ ತುದಿಯ ಶಾಲೆಗೆ ಎರಡು ಬಸ್ಸು ಬದಲಿಸಿ ಹೋಗಿ ಪಾಠ ಹೇಳಬೇಕು. ಈ ಆರು ತಿಂಗಳಿಂದ ಆಕೆ ಸಂಜೆ ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದನ್ನು ಬಿಟ್ಟಿದ್ದರು. ಅಷ್ಟೇ ಅವರ ಲೆಕ್ಕ.

ಮಾವ ಬರುವುದು ಶನಿವಾರ ಸಂಜೆ ನಾಲ್ಕರ ರೈಲಿಗೆ. ಹಿಂದಿನ ದಿನವೇ ಗ್ರಂಥಪಾಲಕರು ಕಾರು ತೊಳೆದು, ಗಾಜು ಒರೆಸಿ, ಪಂಡಿತರು ಪ್ರೀತಿಯಿಂದ ಕೊಟ್ಟ ಹೊಸ ಮ್ಯಾಟು ಹಾಸಿ ಮದುಮಗನ ಹಾಗೆ ಸಿಂಗರಿಸಿದ್ದರು. ಶನಿವಾರ ಬೆಳಿಗ್ಗೆ ಹೆಂಡತಿಯನ್ನು ಶಾಲೆಗೆ ಬಿಡಲು ಹೊರಟು, ಮೊದಲ ಸಿಗ್ನಲ್ಲಿನ ಕೆಂಪು ದೀಪಕ್ಕೆ ಕ್ಲಚ್ ಒತ್ತಿ ನಿಲ್ಲಿಸಿದರು. ಕಾರು ನಿಂತಿತು, ಎಂಜಿನ್ ಮಾತ್ರ ನಿಲ್ಲಲಿಲ್ಲ. ತಾನೇ ತಾನಾಗಿ ಏರಿ, ಏರಿ, ಬಾಲ ತುಳಿಸಿಕೊಂಡ ಹುಲಿಯ ಹಾಗೆ ಕೂಗಿತು. ಪಕ್ಕದ ಸ್ಕೂಟರಿನವನು ಇವರನ್ನು ನೋಡಿ, "ಈ ವಯಸ್ಸಲ್ಲಿ ರೇಸ್ ಬೇಕಾ ಸರ್" ಅಂದ. ಗ್ರಂಥಪಾಲಕರು ಅಭ್ಯಾಸಬಲದಿಂದ ಕಾರಿಗೇ ಬೆರಳು ತೋರಿಸಿ ಶ್ ಅಂದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಮೊದಲೇ ಬಂದು ಕಾಯುತ್ತಿತ್ತು. ಎದುರು ಅಂಗಡಿಯ ದರ್ಜಿ ಕ್ಲಚ್ ಪ್ಲೇಟು ಸವೆದಿದೆ ಎಂದ, ಅವನ ಹೊಲಿಗೆ ಮೆಷಿನ್ನಿಗೂ ಹೀಗೇ ಆಗಿತ್ತಂತೆ. ಪಂಡಿತರು ಎರಡು ಮಹಡಿ ಇಳಿದು ಬಂದು, ಕಣ್ಣು ಮುಚ್ಚಿ, ಬಾನೆಟ್ಟಿನ ಮೇಲೆ ಕಿವಿಯಿಟ್ಟರು.

"ಎಕ್ಸಲೇಟರ್ ವೈರು. ಒಳಗೆ ಹಿಡ್ಕೊಂಡಿದೆ. ನಾನಿದ್ದೀನಲ್ಲ, ಹೆದರ್ಬೇಡಿ."

ದರ್ಜಿಯ ಮೆಷಿನ್ನಿನ ಎಣ್ಣೆ ತಂದು ವೈರಿಗೆ ಅಭ್ಯಂಜನ ಮಾಡಿಸಿದರು. ಪರೀಕ್ಷೆಗೆಂದು ಮೂವರೂ ಹೊರಟರು. ಎರಡನೇ ಸಿಗ್ನಲ್ ಇರುವುದು ಗ್ರಂಥಾಲಯದ ಮುಂದೆಯೇ. ಕ್ಲಚ್ ಒತ್ತಿದ್ದೇ ತಡ, ಕಾರು ಈ ಸಲ ಹೊಸ ಎಣ್ಣೆಯ ಉತ್ಸಾಹದಲ್ಲಿ ಕೂಗಿತು. ಓದುವ ಕೋಣೆಯ ಕಿಟಕಿ ತೆರೆಯಿತು. ಗ್ರಂಥಪಾಲಕರ ಕೈಕೆಳಗಿನ ಸಹಾಯಕ ಹೊರಗೆ ಬಗ್ಗಿ, ಯಾರೆಂದು ನೋಡದೆ, ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ನೋಡಿದ. ಗ್ರಂಥಪಾಲಕರ ಮುಖ ಹಳೆಯ ಪುಸ್ತಕದ ಹಾಳೆಯ ಹಾಗಾಯಿತು.

ಮಧ್ಯಾಹ್ನ ಪಂಡಿತರು ಬೇಡಬೇಡವೆಂದರೂ ಗ್ಯಾರೇಜಿಗೆ ಹೋದದ್ದಾಯಿತು. ಆ ಗ್ಯಾರೇಜು ನಡೆಸುವವರನ್ನು ಎಲ್ಲರೂ ಅಕ್ಕ ಅನ್ನುತ್ತಾರೆ. ಗಾಡಿಯೊಳಗೆ ಗ್ರೀಸಿನ ಕಲೆ ಮಾಡಬಾರದೆಂದು ಆಕೆ ಕೂರುವ ಮೊದಲು ಮ್ಯಾಟು ಎತ್ತಿ ಡಿಕ್ಕಿಯಲ್ಲಿಟ್ಟು ಪೇಪರ್ ಹಾಸುತ್ತಾರೆ. ಹಾಗೆ ಹಾಸಿ, ಕೂತು, ನ್ಯೂಟ್ರಲ್ಲಿನಲ್ಲಿ ಕೇಳಿದರು, ಕ್ಲಚ್ ಒತ್ತಿ ಕೇಳಿದರು, ಒಂದು ಸುತ್ತು ಓಡಿಸಿಕೊಂಡೂ ಬಂದರು. ಕಾರು ಕುರಿಮರಿಯ ಹಾಗಿತ್ತು.

"ಕ್ಲಚ್ ಪ್ಲೇಟು ಹೋಗಿದ್ರೆ ಗೇರಲ್ಲಿ ಹೋಗುವಾಗ್ಲೇ ಎಂಜಿನ್ ಏರೋದು, ವೇಗ ಏರ್ತಿರ್ಲಿಲ್ಲ. ನಿಮ್ದು ಕ್ಲಚ್ ಒತ್ತಿದಾಗ ಏರುತ್ತೆ. ಅಂದ್ರೆ ಗಾಡಿ ಓಡುವಾಗ್ಲೂ ಎಕ್ಸಲೇಟರ್ ಎಲ್ಲೋ ಒತ್ತಿಕೊಂಡೇ ಇದೆ. ಚಕ್ರದ ಭಾರಕ್ಕೆ ನಿಮಗೆ ಗೊತ್ತಾಗಲ್ಲ ಅಷ್ಟೆ" ಅಂದರು ಅಕ್ಕ.

ಅಷ್ಟರಲ್ಲಿ ಹೆಂಡತಿಯ ಫೋನು ಬಂದು ಗ್ರಂಥಪಾಲಕರು ಆಚೆ ಹೋದರು. ಅಕ್ಕ ಡಿಕ್ಕಿ ಮುಚ್ಚುತ್ತ ಪಂಡಿತರಿಗೆ ಒಂದೆರಡು ಮಾತು ಹೇಳಿದರು. ಅದೇನು ಅಂಥ ಮುಖ್ಯದ ಮಾತಲ್ಲ, ಬಿಡಿ.

ವಾಪಸು ಬರುವಾಗ ಮೂರು ಸಿಗ್ನಲ್ಲುಗಳಲ್ಲೂ ಕಾರು ಉಸಿರೆತ್ತಲಿಲ್ಲ. ಎಣ್ಣೆ ಈಗ ಇಳಿದಿದೆ ಎಂದು ಪಂಡಿತರು ವಿವರಿಸಿದರು. ಗ್ರಂಥಪಾಲಕರ ಕಣ್ಣು ತುಂಬಿತು. ಕೈ ಮುಗಿದು, ಸ್ಟೇಷನ್ನಿಗೆ ನೀವೂ ಬನ್ನಿ, ಮಾವನಿಗೆ ಪರಿಚಯ ಮಾಡಿಸುತ್ತೇನೆ ಎಂದರು. ಅವರು ಅಂಗಿ ಬದಲಿಸಲು ಒಳಗೆ ಹೋದ ಹತ್ತು ನಿಮಿಷ ಪಂಡಿತರು ಕಾರಿನ ಬಳಿಯೇ ಕಾವಲಿದ್ದರು.

ರೈಲು ಸರಿಯಾದ ಹೊತ್ತಿಗೆ ಬಂತು. ಮಾವ ಕಾರಿನ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ಧೂಳು ಹುಡುಕಿ, ಸಿಗದೆ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ತಾವೇ ಸ್ಟಿಯರಿಂಗಿಗೆ ಕೂತರು. ಪಕ್ಕದಲ್ಲಿ ಅಳಿಯ. ಹಿಂದೆ ಮಗಳು, ಪಂಡಿತರು. "ಪರವಾಗಿಲ್ಲ, ಚೆನ್ನಾಗೇ ನೋಡ್ಕೊಂಡಿದ್ದೀರಿ" ಎಂದ ಮಾತು ಮುಗಿಯುವುದಕ್ಕೂ ಸಿಗ್ನಲ್ ಬರುವುದಕ್ಕೂ ಸರಿಹೋಯಿತು. ಕ್ಲಚ್ ಒತ್ತಿದರು.

ಆ ಕೂಗಿಗೆ ಸ್ಟೇಷನ್ನಿನಲ್ಲಿದ್ದ ರೈಲು ಸಿಳ್ಳೆ ಅಂದುಕೊಂಡು ಹೊರಟೇಬಿಟ್ಟಿತು.

ಮಾವ ಗಾಬರಿಯಾಗಲಿಲ್ಲ. ಕೀ ತಿರುಗಿಸಿ ಎಂಜಿನ್ ಆರಿಸಿ, ಉಳಿದ ಓಟದಲ್ಲೇ ಕಾರನ್ನು ರಸ್ತೆಯ ಅಂಚಿಗೆ ಸರಿಸಿದರು. ಕಾಲ ಹೆಬ್ಬೆರಳಿನಿಂದ ಕೆಳಗೆ ಏನನ್ನೋ ತಡವಿ, ಬಗ್ಗಿ, ಎಕ್ಸಲೇಟರಿನ ಮೇಲೆ ಹತ್ತಿ ಕೂತಿದ್ದ ಮ್ಯಾಟಿನ ಮೂಲೆಯನ್ನು ಹಿಡಿದೆಳೆದರು. ದಪ್ಪ ಮ್ಯಾಟು, ಯಾವುದೋ ದೊಡ್ಡ ಗಾಡಿಯದು. ಅದರ ಹಿಂದಿನ ಅಂಚನ್ನು ಯಾರೋ ಆಗತಾನೆ ಚಾಕುವಿನಿಂದ ಕತ್ತರಿಸಿದ್ದರು.

"ಇದನ್ನ ಹಾಸಿದ್ದು ಯಾರು?"

ಗ್ರಂಥಪಾಲಕರು ಕತ್ತರಿಸಿದ ಅಂಚನ್ನು ನೋಡಿದರು. ಆಮೇಲೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದರು. ಹಿಂದಿನ ಸೀಟು ಕಿಟಕಿಯಾಚೆ ನೋಡುತ್ತಿತ್ತು.

"ನಾನೇ, ಮಾವ."

"ಕತ್ತರಿಸಿದ್ದು?"

"ಅದೂ ನಾನೇ."

ಮಾವ ಮ್ಯಾಟನ್ನು ಅಳಿಯನ ಮಡಿಲಿಗೆ ಹಾಕಿದರು. "ಗಾಡಿ ಕೆಟ್ಟಿದ್ರೆ ಏನೂ ಅಂತಿರ್ಲಿಲ್ಲ. ಕಾಲ ಕೆಳಗೇನಿದೆ ಅಂತ ನೋಡದೆ ನನ್ನ ಮಗಳನ್ನ ಕೂರಿಸ್ಕೊಂಡು ಓಡಿಸಿದ್ದೀರಲ್ಲ, ಅದಕ್ಕೇನನ್ನಲಿ?"

ಭಾನುವಾರ ಬೆಳಿಗ್ಗೆ ಕಾರು ದೊಡ್ಡಳಿಯನ ಮನೆಯ ದಾರಿ ಹಿಡಿಯಿತು, ಒಂದಿಷ್ಟೂ ಸದ್ದಿಲ್ಲದೆ.

ಸಂಜೆ ಗ್ರಂಥಪಾಲಕರು ಎರಡು ಮಹಡಿ ಹತ್ತಿ ಬಂದರು. ಕಂಕುಳಲ್ಲಿ ಸುರುಳಿ ಸುತ್ತಿದ ಮ್ಯಾಟು.

"ನಿಮ್ಮದು, ತಗೊಳ್ಳಿ. ಗ್ಯಾರೇಜಿನ ಅಕ್ಕ ಫೋನ್ ಮಾಡಿದ್ರು. ಮ್ಯಾಟು ತೆಗೆದ್ಮೇಲೆ ಮತ್ತೆ ಕೂಗ್ಲಿಲ್ಲ ತಾನೇ ಅಂತ ಕೇಳಿದ್ರು."

ಓದುವ ಕೋಣೆಯ ದನಿಯಲ್ಲೇ ಅಂದರು. ಮಾವನ ಮುಂದೆ ಯಾಕೆ ಹೇಳಲಿಲ್ಲ ಎಂದು ಪಂಡಿತರು ಹೇಗೋ ಬಾಯಿ ಬಿಟ್ಟು ಕೇಳಿದರು.

"ನಂದು ಕಾರು ಹೋಯ್ತು, ಅಷ್ಟೆ. ನಿಮಗೆ ಆ ಹೆಸರು ಬಿಟ್ರೆ ಬೇರೇನಿದೆ?"

ಇಷ್ಟು ಹೊತ್ತು ಅವರು, ಅವರು ಎಂದು ಹೊಗಳಿದೆನಲ್ಲ, ಆ ಪಂಡಿತ ನಾನೇ. ಬೀದಿ ನನ್ನನ್ನು ಹಾಗೆ ಕರೆಯುವುದೂ ನಾನೇ ಹೇಳಿಕೊಟ್ಟ ಮೇಲೆ. ಅಕ್ಕ ಡಿಕ್ಕಿ ಮುಚ್ಚುತ್ತ ಹೇಳಿದ್ದು ಇಷ್ಟೇ: "ಕಾಯಿಲೆ ಈ ಮ್ಯಾಟು. ಈ ಗಾಡಿದಲ್ಲ, ಜರುಗಿ ಪೆಡಲ್ ಮೇಲೆ ಹತ್ತುತ್ತೆ. ಅವರಿಗೆ ಹೇಳಿ, ಮತ್ತೆ ಹಾಸ್ಬೇಡಿ." ಹೇಳಿದ್ದರೆ ನನ್ನ ಉಡುಗೊರೆಯೇ ಕಾಯಿಲೆ ಎಂದು ಒಪ್ಪಿದ ಹಾಗಾಗುತ್ತಿತ್ತು. ಒಂದಿಂಚು ಕತ್ತರಿಸಿ ಮತ್ತೆ ಹಾಸಿದರೆ ನನ್ನ ಮಾನವೂ ಉಳಿಯಿತು, ಕಾರೂ ಸುಮ್ಮನಿರುತ್ತದೆ ಎಂದುಕೊಂಡೆ. ಮುಂದಿನ ಅಂಚು ಬಿಟ್ಟು ಹಿಂದಿನದನ್ನು ಕತ್ತರಿಸಿದೆ. ಸೀಟಿನಡಿ ಸಿಕ್ಕಿಕೊಂಡಿದ್ದ ಹಿಡಿತವೂ ತಪ್ಪಿ ಅದು ಇನ್ನಷ್ಟು ಮುಂದಕ್ಕೆ ಜಾರಿತು.

ಶೋಕೇಸಿನ ನಟ್ಟೂ ವಿಮಾನದ್ದಲ್ಲ. ನಮ್ಮ ಬಾಲ್ಕನಿಯಲ್ಲಿ ಅಂಗಿ ಒಣಹಾಕುವ ತಂತಿಯ ಕೊಂಡಿಯದು. ತಂತಿ ಇವತ್ತಿಗೂ ಜೋತುಬಿದ್ದೇ ಇದೆ.

ಸೋಮವಾರ ಬೆಳಿಗ್ಗೆ ಅದರಡಿ ನಿಂತು ನೋಡಿದೆ. ಬಸ್ ಸ್ಟಾಪಿನಲ್ಲಿ ಗ್ರಂಥಪಾಲಕರ ಹೆಂಡತಿ ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದರು, ಆಕೆಯ ಕೈಚೀಲ ಹಿಡಿದುಕೊಂಡು ಪಕ್ಕದಲ್ಲಿ ಗಂಡ. ಬಸ್ಸು ಗುರುಗುಡುತ್ತ ಬಂತು. ಕೆಳಗಿನಿಂದ ದರ್ಜಿ ಕತ್ತೆತ್ತಿ, "ಪಂಡಿತ್ರೇ, ಇದಕ್ಕೇನಾಗಿದೆ ಹೇಳಿ ನೋಡೋಣ" ಅಂದ.

ನನಗೆ ಕೇಳಿಸ್ತಿಲ್ಲ ಅಂದೆ.