ಭಾವಜಿಯ ಹರಿದ ಸ್ಪೀಕರ್

ಕೊಂಡ ಮಾಲು ಹರಿದಿಲ್ಲವೆಂದು ಕಣ್ಣೀರು ಹಾಕಿದ ವ್ಯಾಪಾರಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಮನೆಯಲ್ಲೇ ಇದ್ದರು! ಸೊಲ್ಲಾಪುರದ ಪೇಟೆಯಲ್ಲಿ ಚಾದರ, ಟವೆಲ್ಲುಗಳ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಕಿಸೆಯ ಆಳ ಹೇಳುತ್ತಿದ್ದ ಜಾಣರು. ನನ್ನ ಗಂಡನ ತಮ್ಮ. ನಮ್ಮ ಕಡೆ ಅರ್ಧ ಮಾತು ಮರಾಠಿಯದಾದ್ದರಿಂದ ಮೈದುನನನ್ನು ನಾನು ಕರೆಯುತ್ತಿದ್ದುದು ‘ಭಾವಜಿ’ ಎಂದು. ಅವರು ಅತ್ತಿಗೆಯಾದ ನನ್ನನ್ನು ‘ವೈನಿ’ ಎಂದು. ಈ ಎರಡು ಶಬ್ದಗಳ ನಡುವೆ ಎಷ್ಟು ಜಗಳ, ಎಷ್ಟು ಚೇಷ್ಟೆ, ಎಷ್ಟು ಕಪ್ ಚಹಾ ಹಿಡಿಯುತ್ತದೆ ಎಂಬುದು ತುಂಬಿದ ಮನೆಯಲ್ಲಿ ಬಾಳಿದವರಿಗೇ ಗೊತ್ತು.

ಎಪ್ಪತ್ತರ ದಶಕದ ಮಾತು. ಆಗ ಭಾವಜಿಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ಊರಲ್ಲಿ ಹಲಗೆ ಇಲ್ಲವೇ, ಸನಾದಿ ಇಲ್ಲವೇ, ಮದುವೆಯ ಬ್ಯಾಂಡು ಇಲ್ಲವೇ? ಎಲ್ಲ ಇದ್ದವು. ಆದರೆ ಅವು ಯಾವುವೂ ನಮ್ಮ ಮಾವನವರ ಕಿವಿಯವರೆಗೆ ಹೋಗುತ್ತಿರಲಿಲ್ಲ.

ಮಾವನವರು ಆಯುಷ್ಯವನ್ನೆಲ್ಲ ಹಿತ್ತಲಿನ ಮಗ್ಗಗಳ ಸದ್ದಿನಲ್ಲಿ ಕಳೆದವರು. ಆ ಮಗ್ಗಗಳೇ ನಮಗೆ ಅನ್ನ ಕೊಟ್ಟವು, ಅವೇ ಮಾವನವರ ಕಿವಿಯನ್ನೂ ತಿಂದವು. ಗಿರಣಿಯ ಸೈರನ್ನು, ನಮ್ಮ ಮಾತಿನಲ್ಲಿ ಭೋಂಗಾ, ಕೂಗಿದರೆ ಊರೆಲ್ಲ ಗಡಿಯಾರ ನೋಡುತ್ತಿತ್ತು. ಮಾವನವರು ಊರು ಗಡಿಯಾರ ನೋಡುವುದನ್ನು ನೋಡಿ ‘ಭೋಂಗಾ ಆತು’ ಎನ್ನುತ್ತಿದ್ದರು! ಪುಣೆಯಿಂದ ಕಿವಿಯ ಮಷೀನು ತರಿಸಿದ್ದಾಯಿತು. ಇರುವೆ ಹೊಕ್ಕ ಹಾಗಾಗುತ್ತದೆಂದು ಅದನ್ನು ತೆಗೆದು ಅಡಕೆಯ ಡಬ್ಬಿಯಲ್ಲಿಟ್ಟರು.

ಭಾವಜಿ ಚಿಕ್ಕವರಿದ್ದಾಗ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುತ್ತಿದ್ದರಂತೆ. ಮಾವನವರು ಮಗನನ್ನು ಎದುರು ಕೂಡಿಸಿಕೊಂಡು ‘ಇನ್ನೊಂದ್ ಬಾರಸೋ’ ಎಂದು ಊಟ ಆರುವವರೆಗೆ ಕೇಳುತ್ತಿದ್ದರಂತೆ. ಈಗಲೂ ಕೂಡುತ್ತಿದ್ದರು. ಆದರೆ ಬೆರಳು ನೋಡಿ ತಲೆ ಆಡಿಸುವುದು, ಪದ ಮುಗಿದ ಮೇಲೂ ಆಡಿಸುವುದು. ನಮಗೆ ನಗು, ಭಾವಜಿಗೆ ಸಂಕಟ. ಹೀಗಿರುವಾಗ ವ್ಯಾಪಾರಕ್ಕೆ ಪುಣೆಗೆ ಹೋದವರು ಗೆಳೆಯನ ಕೋಣೆಯಲ್ಲಿ ವಿಲಾಯತಿ ರಾಕ್ ರೆಕಾರ್ಡು ಕೇಳಿ ಬಂದರು. ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ವೈನಿ, ಏನ್ ಬಾಜಾ ಅಂತೀರಿ! ಕಿವಿಗಿ ಅಷ್ಟ ಅಲ್ರಿ, ಎದಿಗಿ ಕೇಳಸ್ತೈತಿ. ನೆಲದ ಫರಸಿ ನಡಗ್ತಾವ. ಅದನ್ನ ಅಪ್ಪಗ ಒಮ್ಮಿ ಕೇಳಸಬೇಕು.”

“ಫರಸಿ ಒಡದ್ರ ನಿಮ್ಮಣ್ಣ ನಿಮ್ಮನ್ನ ಒಡೀತಾರ್ರಿ ಭಾವಜಿ.”

“ಒಡೀಲಿ. ಅಪ್ಪಗ ಕೇಳಸಿದ್ರ ಸಾಕು.”

ಅಣ್ಣ ಎಂದರೆ ನನ್ನ ಯಜಮಾನರು. ಅವರಿಂದ ಹಣ ಬಿಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಹಾಗಾಗಿ ಎಲ್ಲವೂ ಅಗ್ಗದಲ್ಲಿ ಆಗಬೇಕು. ಮೊದಲು ಗಿಟಾರು. ಊರಿನ ಆರ್ಕೆಸ್ಟ್ರಾ ಪಾರ್ಟಿಯವರೊಬ್ಬರ ಬಳಿ ಮಾರುವುದಕ್ಕೆ ಎರಡಿದ್ದವು: ಒಂದು ಕೆಂಪಗೆ ಮದುಮಗಳ ಹಾಗೆ ಮಿಂಚುತ್ತಿತ್ತು, ಇನ್ನೊಂದು ಬಣ್ಣ ಹೋಗಿ ಮೈತುಂಬ ಗೀರುಬಿದ್ದದ್ದು. ಭಾವಜಿ ಬಾರಿಸಿ ನೋಡಿದರೆನ್ನುತ್ತೀರಾ? ಇಲ್ಲ! ಚಾದರ ನೋಡುವಂತೆ ನೋಡಿದರು. ತಿರುಗಿಸಿ ಬೆನ್ನು ಸವರಿದರು, ತಂತಿಯನ್ನು ನೂಲಿನಂತೆ ಎಳೆದರು, ಆಮೇಲೆ ಒಂದು ಕಣ್ಣು ಮುಚ್ಚಿ ಅದರ ಕುತ್ತಿಗೆಯ ಉದ್ದಕ್ಕೂ ದೃಷ್ಟಿ ಹಾಯಿಸಿದರು. ಕೆಂಪು ಚೆಲುವೆಯ ಕುತ್ತಿಗೆ ಸೊಟ್ಟ! ಗೀರುಬಿದ್ದದ್ದು ಮನೆಗೆ ಬಂತು.

“ರೊಕ್ಕಾ ಕೊಟ್ಟು ಒಲಿ ಕಟಗಿ ತಂದಿ,” ಎಂದರು ನನ್ನ ಯಜಮಾನರು.

“ಬಣ್ಣ ನೀರಿಗಿ ಹೋಗೂದು ಅಣ್ಣಾ, ನೇಯಿಗಿ ಉಳಿಯೂದು,” ಎಂದರು ಭಾವಜಿ. ಈ ಮಾತನ್ನು ಅಂಗಡಿಯಲ್ಲಿ ಅಣ್ಣನೇ ದಿನಾ ಹೇಳುತ್ತಿದ್ದರಾದ್ದರಿಂದ ಅವರ ಬಾಯಿ ಅಲ್ಲಿಗೆ ಮುಚ್ಚಿತು.

ಆದರೆ ಈ ಗಿಟಾರು ಒಂಟಿಯಾಗಿ ಬಾರಿಸಿದರೆ ಸೊಳ್ಳೆಯ ಸದ್ದು. ಅದಕ್ಕೆ ದನಿ ಬರಬೇಕಾದರೆ ಆಂಪ್ಲಿಫೈಯರು ಬೇಕು, ಸ್ಪೀಕರು ಬೇಕು. ಭಾವಜಿಯ ಕಣ್ಣು ಮನೆಯ ರೇಡಿಯೋದ ಮೇಲೆ ಬಿತ್ತು. ಅದು ನನ್ನ ತವರಿನವರು ಮದುವೆಯಲ್ಲಿ ಕೊಟ್ಟದ್ದು! ನಾನು ದೇವರ ಮುಂದೆ ದೀಪ ಹಚ್ಚಿ ಬರುವಷ್ಟರಲ್ಲಿ ಅದರ ಬೆನ್ನು ಬಿಚ್ಚಿ ತಂತಿ ಜೋಡಿಸಿಯೇ ಬಿಟ್ಟಿದ್ದರು. ಒಂದು ಸಲ ಗುರ್ ಎಂದಿತು ರೇಡಿಯೋ. ಆಮೇಲೆ ವಾರ್ತೆ ಬರುವ ಜಾಗದಿಂದ ಹೊಗೆ ಬಂತು. ಒಳಕೋಣೆಯಿಂದ ಮಾವನವರು ಕೂಗಿದರು: “ಹಾಲು ಸೀದ್ವೇನವಾ?”

ಸದ್ದು ಮುಟ್ಟಲಿಲ್ಲ, ವಾಸನೆ ಮುಟ್ಟಿತು!

“ಭಾವಜಿ, ಅದು ನನ್ನ ತವರಮನಿ ರೇಡಿಯೋ!” ಎಂದು ನಾನು ಹರಿಹಾಯ್ದೆ.

“ಹೌದಲ್ರಿ ವೈನಿ, ಛಲೋ ನೆನಪು ಮಾಡಿದ್ರಿ. ನಿಮ್ಮ ತವರಿಗೇ ಹೋಗೂಣು. ಅಕ್ಕಲಕೋಟದಾಗ ಲೌಡ್‌ಸ್ಪೀಕರ್ ಅಂಗಡಿ ಐತಲ್ಲ?”

ನನಗೂ ತವರಿಗೆ ಹೋಗಲು ಒಂದು ನೆಪ ಬೇಕಿತ್ತೆನ್ನಿ. ಎಸ್‌ಟಿ ಬಸ್ಸು ಹಿಡಿದು ಹೋದೆವು. ಮದುವೆ, ಜಾತ್ರೆಗಳಿಗೆ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವ ಮುದುಕರು ನನ್ನ ಅಪ್ಪನ ಪರಿಚಯದವರು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಆಂಪ್ಲಿಫೈಯರನ್ನು ತೆಗೆದು ಒಂದಾದ ಮೇಲೊಂದು ಸ್ಪೀಕರು ಜೋಡಿಸಿ ಕೇಳಿಸಿದರು. ಎಲ್ಲವೂ ಗಂಟೆಯಂಥ ದನಿ. ಭಾವಜಿ ಮುಖ ಹುಳ್ಳಗೆ ಮಾಡಿದರು. ಕೊನೆಗೆ ಒಂದು ಹರಿದ ಸ್ಪೀಕರು. ಒಳಗಿನ ಕಾಗದ ಸೀಳಿ, ದನಿ ಗರಗರ ಎನ್ನುತ್ತಿತ್ತು. ಭಾವಜಿ ನನ್ನ ಸೆರಗು ಜಗ್ಗಿದರು. “ವೈನಿ, ಇದ! ಪುಣೆದಾಗ ಕೇಳಿದ್ದು ಇದ ಗರಗರ!” ಎಂದು ಪಿಸುಗುಟ್ಟಿದರು.

ಅಲ್ಲೇ ದುಡ್ಡು ಕೊಟ್ಟು ಎತ್ತಿಕೊಂಡು ಬಂದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ವ್ಯಾಪಾರಿಯ ರಕ್ತ ಸುಮ್ಮನಿರುತ್ತದೆಯೇ? ಬೇಕಾದದ್ದನ್ನು ಬೇಡವೆನ್ನುವುದೇ ಪೇಟೆಯ ಧರ್ಮ!

“ಇದೇನ್ರಿ, ಹರದೈತಿ?” ಎಂದು ಭಾವಜಿ ಮೂಗು ಮುರಿದರು. “ಇದನ್ನ ಒಯ್ದು ಏನ್ ಮಾಡ್ಲಿ? ದನಿ ನೋಡ್ರಿ, ಶೀತ ಆದವರಂಗ. ಮಂದಿ ನಗತಾರ.”

ಬೆಲೆ ಇಳಿಯಿತು. ಇನ್ನಷ್ಟು ಬೈದರು. ಇನ್ನಷ್ಟು ಇಳಿಯಿತು. ನನಗೇ ಆ ಬಡಪಾಯಿ ಸ್ಪೀಕರಿನ ಮೇಲೆ ಕನಿಕರ ಬಂತು. ಆಂಪ್ಲಿಫೈಯರೂ ಸೇರಿ ಸೌದಾ ಮುಗಿದು, “ನಾಳಿ ಮುಂಜಾನಿ ಕಟ್ಟಿ ಇಟ್ಟಿರತೀನಿ, ಒಯ್ಯರಿ” ಎಂದರು ಮುದುಕರು. ತವರಿನಲ್ಲಿ ಆ ರಾತ್ರಿ ಭಾವಜಿ ಗೆದ್ದ ಪೈಲವಾನನ ಹಾಗೆ ಊಟ ಮಾಡಿದರು.

ಮರುದಿನ ಹೋದರೆ ಸ್ಪೀಕರು ಫಳಫಳ! ಮುದುಕರು ಹರಿದಲ್ಲಿ ತೆಳ್ಳನೆಯ ಕಾಗದ ಹಚ್ಚಿ, ಅಂಟು ಒಣಗಿಸಿ, ಮೇಲೊಂದಿಷ್ಟು ಬಣ್ಣವನ್ನೂ ಬಳಿದಿದ್ದರು. ಹಚ್ಚಿ ತೋರಿಸಿದರು. ಗಂಟೆಯಂಥ ದನಿ!

“ನಿನ್ನೆ ನೀವು ಅಷ್ಟ ಹಳಹಳಿಸಿದ್ರಿ, ನನಗ ನಿದ್ದಿ ಬರಲಿಲ್ಲ,” ಎಂದರು ಅವರು. “ಊರ ಮಗಳ ಮನಿಗಿ ಹರಕ ಮಾಲ ಕಳಸಾಕ ಆಗ್ತೈತೇನ್ರಿ? ಹೆಚ್ಚಿನ ರೊಕ್ಕಾ ಬ್ಯಾಡ. ನಮ್ಮ ಹುಡುಗಿಗಿ ಉಡಿ ತುಂಬಿದ್ದು ಅನ್ಕೋರಿ.”

ಭಾವಜಿಯ ಕಣ್ಣಲ್ಲಿ ನೀರು ತುಂಬಿತು. ಮುದುಕರು ಅದನ್ನು ಕೃತಜ್ಞತೆ ಎಂದುಕೊಂಡು ಬೆನ್ನು ಸವರಿದರು! ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಬೀದಿಗೆ ಓಡಿದೆ.

ಮನೆಗೆ ಬಂದು ಭಾವಜಿ ಬ್ಲೇಡು ಹಿಡಿದು ಸ್ಪೀಕರಿನ ಮುಂದೆ ಕೂತರು. ಕೂತೇ ಇದ್ದರು. “ಕೈ ಬರವಲ್ದು ವೈನಿ. ಹುಟ್ಟಿದಾಗಿಂದ ಮಾಲು ಹರೀಬಾರದಂತ ಕಾದಾಂವ ನಾನು. ನೀವ ಹಾಕ್ರಿ.” ನಾನು ಹಾಕಿದೆ. ಚರ್ ಎಂದು ಉದ್ದಕ್ಕೆ ಹಾಕಿದೆ. ನನ್ನ ರೇಡಿಯೋದ ಸೇಡೂ ತೀರಿತು, ಗರಗರವೂ ಮರಳಿ ಬಂತು.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕಚೇರಿ. ಚಾದರ ಕಳಿಸುವ ಕಟ್ಟಿಗೆಯ ಪೆಟ್ಟಿಗೆಯೊಳಗೆ ಸ್ಪೀಕರು ಕೂತಿತ್ತು. ಪಕ್ಕದ ಆರಾಮ ಕುರ್ಚಿಯಲ್ಲಿ ಮಾವನವರು ಅಡಕೆ ಕತ್ತರಿಸುತ್ತಿದ್ದರು. ಭಾವಜಿ ಕಲಿತದ್ದು ಒಂದೇ ತುಣುಕು, ಆ ಪುಣೆಯ ರೆಕಾರ್ಡಿನದು. ತಂತಿಗೆ ಕೈ ಹಾಕಿದರು. ಶಿವನೇ! ಗೋಡೆಯ ಫಳಿಯ ಮೇಲಿನ ತಂಬಿಗೆಗಳು ಕುಣಿದವು, ಪಕ್ಕದ ಮನೆಯಾಕೆ ಹಿಟ್ಟಿನ ಕೈಯಲ್ಲೇ ಓಡಿಬಂದಳು, ನನ್ನ ಯಜಮಾನರು ಎರಡೂ ಕಿವಿಯಲ್ಲಿ ಬೆರಳಿಟ್ಟುಕೊಂಡರು. ನನಗೋ, ಸುಳ್ಳು ಯಾಕೆ ಹೇಳಲಿ, ಮೈ ಜುಮ್ಮೆಂದಿತು. ಎಂಥ ಬಾಜಾ! ಅರ್ಧ ಹರಿದದ್ದು, ಅರ್ಧ ಹಳೆಯದು ಕೂಡಿಸಿ ಈ ಮನುಷ್ಯ ಸಿಡಿಲನ್ನೇ ಮನೆಗೆ ತಂದಿದ್ದರು.

ಮಾವನವರು ಮಾತ್ರ ಅಡಕೆ ಕತ್ತರಿಸುತ್ತಲೇ ಇದ್ದರು. ಮಗನ ಬೆರಳು ನೋಡಿ ಅದೇ ಹಳೆಯ ರೀತಿಯಲ್ಲಿ ತಲೆ ಆಡಿಸಿದರು. ಭಾವಜಿಯ ಮುಖ ಬಾಡಿತು. ದನಿಯ ತಿರುಗಣಿಯನ್ನು ಕೊನೆಯವರೆಗೂ ತಿರುವಿದರು. ಉಹುಂ. ಇಷ್ಟೆಲ್ಲ ಪಾಡು ಪಟ್ಟದ್ದು ಊರನ್ನು ಎಬ್ಬಿಸುವುದಕ್ಕೇ ಹೊರತು ಬೇಕಾದ ಒಬ್ಬರಿಗಲ್ಲವೆಂದು ನನಗೆ ಅಳು ಬಂತು.

ಆಗ ಮಾವನವರು ಚಹಾದ ಕಪ್ಪು-ಬಸಿಯನ್ನು ಆ ಪೆಟ್ಟಿಗೆಯ ಮೇಲಿಟ್ಟರು. ಬಸಿ ಅಲುಗಾಡಿತು. ಚಹಾ ತುಳುಕಿತು. ಅವರು ಹುಬ್ಬು ಗಂಟಿಕ್ಕಿ ಕಪ್ಪು ಎತ್ತಿ ಕೆಳಗಿಟ್ಟು, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಹಾಗೇ ಸ್ವಲ್ಪ ಹೊತ್ತು ಇದ್ದರು. ಆಮೇಲೆ ತಲೆಯ ಟೊಪ್ಪಿಗೆ ತೆಗೆದು, ಮೆಲ್ಲಗೆ ಬಾಗಿ, ಕಿವಿಯನ್ನೂ ಕೆನ್ನೆಯನ್ನೂ ಕಟ್ಟಿಗೆಗೆ ಒತ್ತಿದರು. ಅವರ ಮುಖ ಅರಳಿದ್ದನ್ನು ನಾನು ಈ ಕಣ್ಣುಗಳಿಂದಲೇ ನೋಡಿದೆ.

“ಬಾರಸಾಕತ್ತಾನ!” ಎಂದು ಕಿವುಡರು ಕೂಗುವ ಹಾಗೆ, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. “ನನ್ನ ಮಗಾ ಬಾರಸಾಕತ್ತಾನ! ಕೇಳ್ರೋ!”

ಭಾವಜಿಯ ಕೈ ನಿಂತಿತು. ಪಡಸಾಲೆ ಒಮ್ಮೆಲೇ ಸ್ತಬ್ಧವಾಯಿತು. ಪೆಟ್ಟಿಗೆಗೆ ಕೆನ್ನೆ ಒತ್ತಿದ್ದ ಮಾವನವರ ಮುಖದ ನಗು ಆರಿತು. ಗಾಬರಿಯಿಂದ ಕಿವಿಯನ್ನು ಮುಟ್ಟಿಕೊಂಡು ಕೇಳಿದರು:

“ಯಾಕೋ... ಮತ್ತ ಹೋತೇನು?”

“ಇಲ್ಲಪ್ಪಾ, ಇಲ್ಲ, ಇಲ್ಲೇ ಐತಿ,” ಎಂದು ಭಾವಜಿ, ಅವರಿಗೆ ಕೇಳಿಸದೆಂಬುದನ್ನೂ ಮರೆತು, ಕಣ್ಣು ಸಹ ಒರೆಸಿಕೊಳ್ಳದೆ ಮತ್ತೆ ತಂತಿ ಮೀಟಿದರು.