ಕಾಕಾನ ಕಪ್ಪು-ಬಶಿ ಮಾರಿದ್ದು

ನಮ್ಮ ಮನೆಯಲ್ಲಿ ಯಾವ ಕೆಲಸವೂ ಸರಳ ಆದದ್ದೇ ಇಲ್ಲ. ಬೇರೆಯವರು ಎಮ್ಮೆ ಮಾರಿದರೆ ಎಮ್ಮೆ ಹೋಗುತ್ತದೆ. ನಾವು ಮಾರಿದ ಎಮ್ಮೆ ಸಂಜೆಗೆ ತಾನೇ ತಿರುಗಿ ಬಂದು ಹಿತ್ತಲಲ್ಲಿ ನಿಂತು ಕೂಗುತ್ತಿತ್ತು. ಅಂಥವರು ನಾವು ವಿಲಾಯತಿ ಚೀನಿ ಮಣ್ಣಿನ ಸಾಮಾನು ಮಾರಲು ಹೊರಟರೆ ಏನಾಗಬೇಕೋ ಅದೇ ಆಯಿತು.

ಎರಡನೆಯ ಜಾಗತಿಕ ಲಡಾಯಿ ಸುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ನಾನು ಮದುವೆಯಾಗಿ ರಾಣೇಬೆನ್ನೂರಿಗೆ ಬಂದು ಬಹಳ ದಿನ ಆಗಿರಲಿಲ್ಲ. ನಮ್ಮ ಮನೆಯವರು ಸ್ಟೇಶನ್ನಿನಲ್ಲಿ ಟಿಕೀಟು ಕೊಡುವ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆಯವರು.

ಪೆಟ್ಟಿಗೆ ಬಂತು

ನಮ್ಮ ಮನೆಯವರ ಕಾಕಾ ಒಬ್ಬರು ಬೆಳಗಾವಿಯಲ್ಲಿ ಇಂಗ್ರೇಜಿ ಇಂಜಿನಿಯರ ಸಾಹೇಬನ ಕೈಕೆಳಗೆ ಗುಮಾಸ್ತಿಕೆ ಮಾಡಿಕೊಂಡಿದ್ದರು. ಸಾಹೇಬ ತನ್ನ ದೇಶಕ್ಕೆ ಹೊರಟಾಗ ತನ್ನ ಊಟದ ಮತ್ತು ಚಹಾದ ಚೀನಿ ಸಾಮಾನನ್ನೆಲ್ಲ ಇವರಿಗೆ ಕೊಟ್ಟು ಹೋದ. ಒಂಟಿ ಜೀವದ ಕಾಕಾ ಅದನ್ನು ಒಮ್ಮೆಯೂ ಬಳಸಲಿಲ್ಲ. ಹಳೇ ಧೋತರದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಣ್ಣನ ಮಗನಿಗೆ ಅಂತ ಆ ಪೆಟ್ಟಿಗೆ ನಮ್ಮ ಮನೆಗೆ ಬಂತು.

ಪಡಸಾಲೆಯಲ್ಲಿ ಹುಲ್ಲು ಸರಿಸಿ ಒಂದೊಂದೇ ತೆಗೆದೆವು. ನೀಲಿ ಹೂವಿನ ತಾಟುಗಳು, ಅಂಚಿಗೆ ಬಂಗಾರದ ಗೆರೆ, ಮುಟ್ಟಲು ಅಂಜಿಕೆ ಬರುವಷ್ಟು ತೆಳ್ಳಗಿನ ಚಹಾದ ಕಪ್ಪುಗಳು, ಅವುಗಳ ಕೆಳಗಿಡುವ ಬಶಿಗಳು, ಒಂದು ಚಹಾದ ಕಿಟಲಿ. ಅತ್ತೆಯವರು ಅಡಿಗೆಮನೆಯ ಹೊಸ್ತಿಲ ಆಚೆಗೇ ನಿಂತು ನೋಡುತ್ತಿದ್ದರು.

"ಇದರಾಗ ಆ ಸಾಹೇಬ ಏನು ಉಣ್ಣತಿದ್ದ?" ಎಂದು ಕೇಳಿದರು.

ನಮ್ಮ ಮನೆಯವರದು ಒಂದು ಸ್ವಭಾವ. ಕೇಳಿದ್ದಕ್ಕೆ ಖರೇ ಉತ್ತರ ಕೊಡಲೇಬೇಕು. ಟಿಕೀಟಿನ ಕಿಡಕಿಯಲ್ಲಿ ಯಾರಾದರೂ "ಗಾಡಿ ವ್ಯಾಳ್ಯಾಕ್ಕ ಬರತೈತೇನ್ರಿ?" ಎಂದರೆ, "ನಾ ಬಂದಾಗಿಂದ ಬಂದಿಲ್ಲ" ಎನ್ನುವವರು. ಅದು ಗೊತ್ತಿದ್ದೇ ನಾನು ಕೆಮ್ಮಿದೆ.

"ಯಾಕ, ನೆಗಡಿ ಆಗೇದೇನು?" ಎಂದು ನನ್ನನ್ನು ಕೇಳಿ, ಆಮೇಲೆ ತಾಯಿಗೆ ಸವಿಸ್ತಾರವಾಗಿ ಹೇಳಿದರು. "ಸಣ್ಣ ತಾಟಿನ್ಯಾಗ ತತ್ತಿ, ದೊಡ್ಡದರಾಗ ಮಾಂಸ."

"ಮತ್ತ ಅದಕ್ಕಿಂತಾ ದೊಡ್ಡದೊಂದು ಅದಲ್ಲ, ಅದು?"

"ಅದರಾಗ ಇಡೀ ಕೋಳೀನ ಇಡತಿದ್ದರಂತ, ಅವ್ವಾ."

ಅತ್ತೆಯವರು ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ಬರೀ ಕೇಳಿದ್ದಕ್ಕೇ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರುವಿಕೊಂಡರು.

ತೆಳ್ಳಗಿನ ಕಪ್ಪು

ನನಗೆ ತವರುಮನೆಯಲ್ಲೇ ಪೋಲಕ, ಝಂಪರು ಕತ್ತರಿಸಿ ಹೊಲಿಯುವುದು ಬರುತ್ತಿತ್ತು. ಓಣಿಯ ಹೆಂಗಸರು ಅರಿವೆ ತಂದು ಕೊಡುತ್ತಿದ್ದರು. ಆದರೆ ಕೈಸೂಜಿಯಿಂದ ಎಷ್ಟಂತ ಹೊಲಿಯುವುದು? ನನಗೆ ಒಂದು ಹೊಲಿಗೆ ಮಷಿನ್ನಿನ ಆಸೆ ಹತ್ತಿತ್ತು. ನಮ್ಮ ಮನೆಯವರ ಪಗಾರದಲ್ಲಿ ಅದು ಆಗುವ ಮಾತಲ್ಲ. ಈ ಪೆಟ್ಟಿಗೆ ಕಂಡಾಗ ನನಗೆ ಕಪ್ಪು-ಬಶಿ ಕಾಣಲೇ ಇಲ್ಲ, ಮಷಿನ್ನಿನ ಗಾಲಿಯೇ ಕಣ್ಣ ಮುಂದೆ ತಿರುಗಿತು.

"ಇದನ್ನ ಮಾರಿ ಮಷಿನ್ನು ತರೂಣೇನ್ರಿ?" ಎಂದೆ.

ಅವರು ಉತ್ತರ ಕೊಡುವ ಮೊದಲೇ ಒಳಗಿನಿಂದ ಅತ್ತೆಯವರ ದನಿ ಬಂತು. "ತರ್ರಿ. ಮಷಿನ್ನು ಮಾಂಸ ತಿನ್ನೂದಿಲ್ಲ."

ಮೊದಲ ಗಿರಾಕಿ ನಮ್ಮೂರಿನ ಚಹಾದ ಅಂಗಡಿಯವನು. ನಮ್ಮ ಮನೆಯವರು ಮಾದರಿಗೆ ಅಂತ ಒಂದು ಕಪ್ಪು-ಬಶಿ ಒಯ್ದು ತೋರಿಸಿದರು. ಅವನು ಬಶಿ ನೋಡಿ ತಲೆ ಅಲ್ಲಾಡಿಸಿದ. "ಬಶಿ ಛಲೋ ಅದಾವ್ರಿ. ಬಶಿ ಅಷ್ಟ ಕೊಡ್ರಿ, ಕಪ್ಪು ನೀವ ಇಟಗೋರ್ರಿ."

"ಕಪ್ಪು ಬಿಟ್ಟು ಬಶಿ ಹೆಂಗ ಕೊಡೂದಪಾ?"

"ನಮ್ಮ ಕಡೆ ಕಪ್ಪಿನ್ಯಾಗ ಯಾರು ಕುಡೀತಾರ್ರಿ? ಕಪ್ಪಿಲೆ ಬಶಿಗೆ ಹಾಕ್ಕೊಂಡು ಕುಡೀತಾರ. ಆ ಕಪ್ಪಿನ ಕೆಲಸ ನನ್ನ ಹಿತ್ತಾಳಿ ಗಿಂಡಿ ಮಾಡತೈತಿ."

ಆದರೂ ಪರೀಕ್ಷೆ ಆಗಲಿ ಎಂದು ಆ ಕಪ್ಪಿಗೆ ಅರ್ಧ ಚಹಾ ಹಾಕಿ ಬಿಸಿಲಿಗೆ ಹಿಡಿದ. ಚೀನಿ ಎಷ್ಟು ತೆಳ್ಳಗಿತ್ತೆಂದರೆ ಒಳಗಿನ ಚಹಾ ಎಲ್ಲಿಯವರೆಗೆ ಇದೆ ಅನ್ನುವುದು ಹೊರಗಿನಿಂದಲೇ ಕಂಡಿತು. ಅವನ ಮುಖ ಇಳಿಯಿತು. ಲಗೂನೆ ಕಪ್ಪು ಖಾಲಿ ಮಾಡಿ ಕೈಯಲ್ಲಿ ಕೊಟ್ಟ.

"ಇದನ್ನ ಒಯ್ಯಿರಿ ಟಿಕೀಟ ಮಾಸ್ತರ. ಎಷ್ಟು ಹಾಕೇನಿ ಅಂತ ಗಿರಾಕಿಗೆ ಹೊರಗಿಂದನ ಕಂಡ್ರ, ನಾ ಅಂಗಡಿ ಹೆಂಗ ನಡಸಲಿ?"

ಮುದ್ದೇಮಾಲು

ಹಾವೇರಿ ನನ್ನ ತವರು. ಮಾದರಿಗೆ ಅಂತ ಕಿಟಲಿ ಮತ್ತು ಒಂದು ತಾಟು ತೆಗೆದುಕೊಂಡು ನಾವಿಬ್ಬರೂ ಅಲ್ಲಿಗೆ ಹೋದೆವು. ನಮ್ಮ ಮನೆಯ ಪಕ್ಕದಲ್ಲಿ ಒಬ್ಬರು ವಕೀಲರಿದ್ದರು. ಸ್ವದೇಶಿ ಚಳವಳಿಯಲ್ಲಿ ತಮ್ಮ ವಿಲಾಯತಿ ಕೋಟನ್ನು ತಾವೇ ಬೆಂಕಿಗೆ ಹಾಕಿ, ಅಂದಿನಿಂದ ಖಾದಿ ತೊಟ್ಟವರು. ಅವರ ಹೆಂಡತಿ ನನ್ನ ಕೈಯಲ್ಲಿನ ಚಹಾದ ಕಿಟಲಿ ನೋಡಿ ಮರುಳಾದರು. ಆ ಕಿಟಲಿಯ ಮುಚ್ಚಳದ ಮೇಲೆ ಒಂದು ಪುಟ್ಟ ಗುಲಾಬಿ ಮೊಗ್ಗು ಇತ್ತು.

"ಈ ಮನ್ಯಾಗ ವಿಲಾಯತಿ ಮಾಲು ಬರೂದು ಸಾಧ್ಯ ಇಲ್ಲ," ಎಂದರು ವಕೀಲರು.

"ಇದಕ್ಕ ಚೀನಿ ಅಂತಾರ," ಎಂದರು ಹೆಂಡತಿ. "ಚೀನಾ ಎಲ್ಲದ, ವಿಲಾಯತಿ ಎಲ್ಲದ?"

ವಕೀಲರು ಹೊರಗೆ ಹೊರಟವರು ನಿಂತರು. ವಾದದ ಆ ಎಳೆ ಅವರಿಗೆ ರುಚಿಸಿತ್ತು. ಪಡಸಾಲೆಯಲ್ಲಿ ಅತ್ತಿತ್ತ ಅಡ್ಡಾಡುತ್ತ ಮೊದಲು ಹೆಂಡತಿಯ ಪರವಾಗಿ ವಾದ ಮಾಡಿದರು. ಆಮೇಲೆ ತಾಟನ್ನು ಬೋರಲು ಹಾಕಿ, ಅಡಿಯಲ್ಲಿದ್ದ ಇಂಗ್ರೇಜಿ ಅಕ್ಷರ ಓದಿ, ಆ ಕಡೆಯಿಂದಲೂ ತಾವೇ ವಾದ ಮಾಡಿದರು. "ಮಾಲು ವಿಲಾಯತಿ. ಅದು ಸಾಬೀತಾತು. ಆದರ ಕೊಟ್ಟಾಂವ ಸಾಹೇಬ, ಇಸಗೊಂಡಾಂವ ನಮ್ಮಾಂವ. ಅಂದ್ರ ಇದನ್ನ ನಾವು ಅವರ ಕಡಿಂದ ಕೊಂಡಿಲ್ಲ, ಬಿಡಿಸಿಕೊಂಡೇವಿ. ಏನಂತೀರಿ?"

ನಮ್ಮ ಮನೆಯವರು, "ಹಂಗೇನಿಲ್ಲರಿ, ಅವರ ಖುಷೀಲೆ ಕೊಟ್ರು," ಎಂದರು. ವಕೀಲರಿಗೆ ಆ ಸಾಕ್ಷಿ ಹಿಡಿಸಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಅದೇ ಕಿಟಲಿಯಲ್ಲಿ ಚಹಾ ಮಾಡಿ ತಂದರು. ವಕೀಲರು ಸಾವಕಾಶ ಕುಡಿದು, "ಖಟ್ಲೆದಾಗ ಸಾಕ್ಷಿಗೆ ಇಟ್ಟ ಮಾಲಿಗೆ ಮುದ್ದೇಮಾಲು ಅಂತಾರ. ಇದು ಅದರ ಪರೀಕ್ಷಾ," ಎಂದು ಹೇಳಿ, ಮಾಲನ್ನು ಅಲ್ಲೇ ಇರಿಸಿಕೊಂಡು, ತೀರ್ಪಿಗೆ ಮುಂದಿನ ತಾರೀಖು ಕೊಟ್ಟರು.

ನಾವು ತವರಿಗೆ ಹೋದಾಗೆಲ್ಲ ವಿಚಾರಿಸಿದೆವು. ಪ್ರತಿ ಸಲವೂ ಮುದ್ದೇಮಾಲಿನಲ್ಲಿ ಚಹಾ ಆಯಿತು, ಪ್ರತಿ ಸಲವೂ ಹೊಸ ತಾರೀಖು ಬಿತ್ತು. ಕಡೆಗೆ ನಮ್ಮ ತಂದೆಯವರೇ ಹೇಳಿದರು. "ಕಿಟಲಿ ತಗೊಂಡು ಊರಿಗೆ ಹೋಗವಾ ತಂಗಿ. ಅವರು ಕೋರ್ಟಿನ್ಯಾಗೂ ಹಿಂಗ ಇದ್ದಾರ. ಅದಕ್ಕ ಅವರ ಕಕ್ಷಿದಾರರು ಒಬ್ಬರೂ ಇನ್ನೂ ಸೋತಿಲ್ಲ."

ಬ್ಯಾಡಗಿಯ ಗಾಳಿ

ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರೊಬ್ಬರು ಹೊಸ ಮನೆ ಕಟ್ಟಿಸಿ, ಕಾಜಿನ ಬಾಗಿಲಿನ ದೊಡ್ಡ ಕಪಾಟು ಮಾಡಿಸಿದ್ದಾರೆ, ಅದರಲ್ಲಿ ಇಡಲು ಏನೂ ಸಿಕ್ಕಿಲ್ಲ ಎಂಬ ಸುದ್ದಿ ಟಿಕೀಟಿನ ಕಿಡಕಿಗೆ ಬಂತು. ಈ ಸಲ ನಮ್ಮ ಮನೆಯವರೊಬ್ಬರನ್ನೇ ಕಳಿಸುವ ಧೈರ್ಯ ನನಗಾಗಲಿಲ್ಲ. ಪೆಟ್ಟಿಗೆಯ ಜೊತೆ ನಾನೂ ಗಾಡಿ ಹತ್ತಿದೆ.

ದಾರಿಯಲ್ಲಿ ತಿಳಿಸಿ ಹೇಳಿದೆ. "ಸಾಹುಕಾರ್ರು ಕೇಳಿದ್ದಕ್ಕಷ್ಟ ಉತ್ತರಾ ಕೊಡ್ರಿ. ಕೇಳದಿದ್ರ ಸುಮ್ಮನಿರ್ರಿ."

"ಅದು ಮೋಸ ಆಗೂದಿಲ್ಲೇನು?"

"ಕಪಾಟಿನ್ಯಾಗ ಇಟ್ಟು ನೋಡವರದಾರ. ಅದರಾಗ ಯಾರು ಉಣ್ಣತಾರ್ರಿ?"

ಅವರು ಹೊರಗೆ ನೋಡುತ್ತ ಕುಳಿತರು. ಆ ನೋಟ ನನಗೆ ಸೇರಲಿಲ್ಲ.

ಪೇಟೆಯಲ್ಲಿ ಎತ್ತ ನೋಡಿದರೂ ಕೆಂಪು ಮೆಣಸಿನಕಾಯಿಯ ರಾಶಿ. ಹಮಾಲರು ಚೀಲ ತುಂಬುತ್ತಿದ್ದರು. ಗಾಳಿಯೇ ಖಾರ. ಸಾಹುಕಾರರು ಅಂಗಡಿಯ ಗಾದಿಯಿಂದ ಎದ್ದು ಬಂದು, "ಬರ್ರಿ, ಕುಂದ್ರಿ," ಎಂದು ಕೂಡಿಸಿದರು. ಪೂಜೆ ಮುಗಿಯದೆ ನೀರು ಮುಟ್ಟದ ಮನುಷ್ಯ, ಹಣೆಯ ತುಂಬ ವಿಭೂತಿ. ತಾಟುಗಳನ್ನು ಹಸುಗೂಸನ್ನು ಎತ್ತಿದ ಹಾಗೆ ಎತ್ತಿ ನೋಡಿದರು. ಮನಸ್ಸಿಗೆ ಬಂತೆಂದು ಮುಖ ಹೇಳುತ್ತಿತ್ತು.

ಆಗ ನಮ್ಮ ಮನೆಯವರು ಬಾಯಿ ತೆರೆದರು. "ಸಾಹುಕಾರ್ರ, ಒಂದು ಮಾತು ಹೇಳಬೇಕು. ಇದರಾಗ ಆ ಸಾಹೇಬ್ರು ಮಾಂ... ಮಾಂ..." ಅಷ್ಟರಲ್ಲಿ ದೊಡ್ಡದೊಂದು ಸೀನು ಬಂತು. ಮೂಗು ಒರೆಸಿಕೊಂಡು ಮತ್ತೆ ಸುರುಮಾಡಿದರು. ಮತ್ತೆ "ಮಾಂ" ಅನ್ನುವಲ್ಲಿಗೇ ಸೀನು. ನಾನು ಕಣ್ಣಲ್ಲಿ ನೀರು ಸುರಿಸುತ್ತ ಆ ಮೆಣಸಿನಕಾಯಿ ರಾಶಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮೂಲೆಯಲ್ಲಿ ಲೆಕ್ಕ ಬರೆಯುತ್ತಿದ್ದ ಮುನೀಮ ಮೆಲ್ಲಗೆ, "ವ್ಯಾಪಾರದ ಹೊತ್ತಿನ್ಯಾಗ ಸೀನು ಅಪಶಕುನ ಅಲ್ಲೇನ್ರಿ ಧಣ್ಯಾರ?" ಎಂದ.

"ಬ್ಯಾಡಗ್ಯಾಗ ಕುಂತು ಸೀನಿಗೆ ಅಂಜಿದ್ರ ನಮ್ಮಪ್ಪ ಒಂದು ಚೀಲಾನೂ ಮಾರತಿದ್ದಿಲ್ಲ," ಎಂದರು ಸಾಹುಕಾರರು. ವ್ಯಾಪಾರ ಕುದುರಿತು. ಪೆಟ್ಟಿಗೆ ಹಮಾಲನ ತಲೆಯ ಮೇಲೆ ಅವರ ಮನೆಗೆ ಹೋಯಿತು. ದೊಡ್ಡ ಮನುಷ್ಯರು, ತಮ್ಮ ಗಾಡಿಯಲ್ಲೇ ನಮ್ಮನ್ನು ಸ್ಟೇಶನ್ನಿಗೆ ಬಿಡಲು ಬಂದರು.

ಸ್ಟೇಶನ್ನಿನ ಬೇವಿನ ಮರದ ಕೆಳಗೆ ಗಾಳಿ ತಂಪಾಗಿತ್ತು, ಖಾರವಿರಲಿಲ್ಲ. ನಮ್ಮ ಮನೆಯವರು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರು. ಮೂಗು ಬಿಟ್ಟಿತು. ಒಂದೇ ಉಸಿರಿನಲ್ಲಿ ತತ್ತಿಯಿಂದ ಹಿಡಿದು ಇಡೀ ಕೋಳಿಯವರೆಗೆ ಎಲ್ಲ ಹೇಳಿ ಮುಗಿಸಿದರು.

ಸಾಹುಕಾರರು ಬೈಯಲಿಲ್ಲ. "ಹೇಳಿದ್ದು ಛಲೋ ಆತ್ರಿ. ನಾನೇನೋ ಕಪಾಟಿನ್ಯಾಗ ಇಟ್ಟೇನು. ನಮ್ಮವ್ವ ಎಂದಾರೆ ಒಂದಿನ ಅದರಾಗ ದೇವರಿಗೆ ಎಡಿ ಹಿಡದಾಳು," ಎಂದರು. ರೈಲುಗಾಡಿ ಎಂದಿನಂತೆ ತಡವಾಗಿದ್ದರಿಂದ ಪೆಟ್ಟಿಗೆ ತಿರುಗಿ ಬರಲು, ರೊಕ್ಕ ತಿರುಗಿ ಹೋಗಲು ಬೇಕಾದಷ್ಟು ಹೊತ್ತಿತ್ತು. ಇಂಥ ಖರೇ ಮನುಷ್ಯನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಸಾಹುಕಾರರು ಒಂದು ಸಣ್ಣ ಚೀಲ ಮೆಣಸಿನಕಾಯಿಯನ್ನೂ ಕೊಟ್ಟರು.

ಗಾಡಿಯಲ್ಲಿ ನಮ್ಮ ಮನೆಯವರು ಆ ಚೀಲವನ್ನು ಹೆಮ್ಮೆಯಿಂದ ತೊಡೆಯ ಮೇಲೆ ಇಟ್ಟುಕೊಂಡು, "ಒಂದು ವರ್ಷಕ್ಕ ಸಾಕಾಗತದ ನೋಡು," ಎಂದರು.

"ಅಡಿಗಿಗೆ ಮುಟ್ಟಬ್ಯಾಡ್ರಿ ಅದನ್ನ," ಎಂದೆ. "ಮುಂದಿನ ಗಿರಾಕಿ ಕಡೆ ಹೋಗುವಾಗ ನಿಮ್ಮ ಮೂಗಿನ ಮುಂದ ಹಿಡಕೊಂಡು ಹೋಗೂದದ."

ಅತ್ತೆಯವರ ಮಾತು

ಕಡೆಗೆ ಕೊಂಡವರು ನಾಟಕ ಕಂಪನಿಯವರು. ಅವರು ರಾಣೇಬೆನ್ನೂರಿನಲ್ಲಿ ತಗಡಿನ ಥೇಟರು ಹಾಕಿ ಹೊಸ ಸಾಮಾಜಿಕ ನಾಟಕ ತಯಾರು ಮಾಡುತ್ತಿದ್ದರು. ಅದರಲ್ಲಿ ಶ್ರೀಮಂತ ತಂದೆ, ವಿಲಾಯತಿಯಲ್ಲಿ ಕಲಿತು ಬಂದ ಮಗ, ಇಬ್ಬರೂ ಕುರ್ಚಿಯ ಮೇಲೆ ಕುಳಿತು ಚಹಾ ಕುಡಿಯುವ ದೃಶ್ಯ. ಮ್ಯಾನೇಜರು ಕಪ್ಪು-ಬಶಿ ಹುಡುಕುತ್ತ ನಮ್ಮ ಮನೆಗೆ ಬಂದರು. ಅವರು ಕೂಡುವ ಮೊದಲೇ ನಮ್ಮ ಮನೆಯವರು ಸಾಹೇಬನ ಊಟದ ಸಂಗತಿ ಎಲ್ಲ ಹೇಳಿಬಿಟ್ಟರು. ನಾನು ಮಷಿನ್ನಿನ ಆಸೆ ಬಿಟ್ಟು ಒಳಗೆ ಹೋಗಿ ಒಲೆ ಊದುತ್ತ ಕುಳಿತೆ.

ಹೊರಗಿನಿಂದ ಮ್ಯಾನೇಜರರ ದನಿ ಕೇಳಿತು. "ಖರೇ ಸಾಹೇಬ ಉಂಡ ತಾಟೇನ್ರಿ? ಹಂಗಾದ್ರ ಜಾಹೀರಾತಿನ್ಯಾಗ ಹಾಕಸ್ತೇನಿ. ಖಾಸ ಸಾಹೇಬರ ತಾಟು ನಮ್ಮ ರಂಗದ ಮ್ಯಾಲ ಅಂತ. ಇಡೀ ಪೆಟ್ಟಿಗಿ ನಮಗ ಇರಲಿ."

ನಮ್ಮ ಮನೆಯವರ ಖರೇ ಮಾತಿಗೆ ಗಿರಾಕಿ ಸಿಕ್ಕದ್ದು ಅದೊಂದೇ ಸಲ. ಮ್ಯಾನೇಜರು ಆಡಿದಂತೆ ನಡೆದುಕೊಂಡರು. ಆ ವಾರವೇ ನನ್ನ ಮಷಿನ್ನು ಬಂತು. ಅತ್ತೆಯವರು ಅದಕ್ಕೆ ಅರಿಶಿನ-ಕುಂಕುಮ ಹಚ್ಚಿದರು. ಕಂಪನಿಯ ಇನ್ನೊಂದು ನಾಟಕದ ರಾಣಿಯ ಝಂಪರು ಹೊಲಿಯುವ ಕೆಲಸವೂ ನನಗೇ ಬಂತು. ರಾಣಿಯ ಪಾತ್ರ ಮಾಡುವವನು ಗಟ್ಟಿ ಆಳು, ಅರಿವೆ ಬಹಳ ಹಿಡಿಯಿತು.

ರವಿವಾರ ಮಧ್ಯಾಹ್ನ ಹೆಂಗಸರಿಗಾಗಿ ಆಟ. ಮ್ಯಾನೇಜರು ನಮಗೆ ಪುಕ್ಕಟೆ ಪಾಸು ಕೊಟ್ಟಿದ್ದರು. ಅತ್ತೆಯವರು ಎಲ್ಲರಿಗಿಂತ ಮುಂದೆ ಚಾಪೆಯ ಮೇಲೆ ಕುಳಿತರು. ಚಹಾದ ದೃಶ್ಯ ಬಂತು. ತಂದೆಗೂ ಮಗನಿಗೂ ಜಗಳ ಹತ್ತಿ, ತಂದೆ ಸಿಟ್ಟಿನಿಂದ ಕಪ್ಪು ಒಗೆದು ಒಡೆಯಬೇಕು. ಒಡೆಯುವುದಕ್ಕೆ ಸುಣ್ಣ ಬಳಿದ ಮಣ್ಣಿನ ಕುಡಿಕೆಯೊಂದನ್ನು ಬೇರೆ ಇಟ್ಟಿದ್ದರು. ಆದರೆ ತಂದೆಯ ಪಾತ್ರದವನಿಗೆ ಅಂದು ನಿಜವಾದ ಸಿಟ್ಟೇ ಬಂದಿತ್ತೋ ಏನೋ, ಬಂಗಾರದ ಅಂಚಿನ ಕಪ್ಪನ್ನೇ ಎತ್ತಿದ. ಪರದೆಯ ಸಂದಿಯಲ್ಲಿ ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತುಕೊಂಡದ್ದು ನನಗೆ ಕಂಡಿತು.

ಅತ್ತೆಯವರು ಎದ್ದು ನಿಂತರು.

"ಏ ತಮ್ಮಾ, ಅದನ್ನ ಒಗೀಬ್ಯಾಡ. ನನ್ನ ಮೈದುನ ಅಷ್ಟು ವರ್ಷ ಜ್ವಾಪಾನ ಮಾಡಿದ್ದದ ಅದು. ಸಾವಕಾಶ ಕೆಳಗಿಡು."

ತಂದೆಯ ಪಾತ್ರದವನು ಎತ್ತಿದ ಕೈಯಲ್ಲೇ ಅತ್ತೆಯವರನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಕಪ್ಪನ್ನು ಬಶಿಯ ಮೇಲೆ ಮೆಲ್ಲಗೆ ಇಟ್ಟ. ಮಗನ ಪಾತ್ರದವನು ಚಾಲಾಕು ಮನುಷ್ಯ. "ಅಪ್ಪಾ, ಹಿರಿಯರು ಹೇಳತಾರ, ಸಿಟ್ಟು ಬಿಡು," ಎಂದು ಹೋಗಿ ಅಪ್ಪಿಕೊಂಡ. ಇನ್ನೂ ಎರಡು ಅಂಕ ಜಗಳ ಆಡಬೇಕಾಗಿದ್ದ ತಂದೆ-ಮಗ ಅಲ್ಲೇ ಒಂದಾಗಿಬಿಟ್ಟರು. ಹೆಂಗಸರು ಕಣ್ಣೊರೆಸಿಕೊಂಡು ಚಪ್ಪಾಳೆ ಬಡಿದರು. ಮುಂದೆ ಏನು ಮಾಡಬೇಕೆಂದು ತಿಳಿಯದೆ ಹಾರ್ಮೋನಿಯಮ್ಮಿನ ಪೇಟಿ ಮಾಸ್ತರು ಮಂಗಳದ ಹಾಡು ಬಾರಿಸಿದರು.

ಮರುದಿನ ಮ್ಯಾನೇಜರು ಬಂದಾಗ, ಬೈಯಲು ಬಂದಿದ್ದಾರೆಂದು ನಾನು ಬಾಗಿಲ ಹಿಂದೆ ನಿಂತೆ. ಅವರು ಅತ್ತೆಯವರ ಮುಂದೆ ಕೈಮುಗಿದು ಕುಳಿತರು.

"ಅಜ್ಜಿ, ಇವತ್ತಿನ ಆಟಕ್ಕೂ ಬರಬೇಕ್ರಿ. ನಿನ್ನೆ ಬಂದಂಥಾ ಚಪ್ಪಾಳಿ ನಮ್ಮ ಕಂಪನಿಗೆ ಎಂದೂ ಬಂದಿದ್ದಿಲ್ಲ."

"ಯಾಕ, ಅವ ಮತ್ತ ಒಡಿಯಾಂವ ಇದ್ದಾನೇನು?"

"ಒಡಿಯಾಂಗಿಲ್ರಿ. ಸುಮ್ಮನ ಎತ್ತತಾನ. ಆವಾಗ ನೀವು ಎದ್ದು ನಿಂತು ನಿನ್ನಿ ಮಾತು ಅನ್ನಬೇಕು. ಆ ಒಂದು ಮಾತು ಅಷ್ಟ."

ಅತ್ತೆಯವರು ಸೆರಗು ಸರಿಮಾಡಿಕೊಂಡರು. ನಮ್ಮ ಮನೆಯವರೂ ನಾನೂ ಮುಖ ಮುಖ ನೋಡಿಕೊಂಡೆವು.

"ಅಲ್ಲಪಾ," ಎಂದರು ಅತ್ತೆಯವರು, "ಅಷ್ಟು ದೂರ ನಡಕೊಂಡು ಬಂದು ಬರೇ ಒಂದು ಮಾತಾಡಿ ತಿರುಗಿ ಬರಲೇನು? ಇನ್ನೊಂದು ನಾಕು ಮಾತು ಸೇರಸು. ಅಪ್ಪಗ ಎದುರಾಡತಾನಲ್ಲ, ಆ ಮಗನ ಪಾತ್ರದಾಂವಗ ನಾನು ಸ್ವಲ್ಪ ಬೈಯೂದದ."