ಗೌರಾಳ ಬಾಯಿ, ನಿಜಲಿಂಗಪ್ಪನ ಕತ್ತು

ಗೌರಾಳ ನಾಲಿಗೆಯ ಅಂಚಿಗೆ ಒಂದು ಹುಣ್ಣು ಎದ್ದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಗೌರಾ ಅಂದರೆ ನಿಜಲಿಂಗಪ್ಪನ ಬಿಳಿ ಕುದುರೆ. ಹನ್ನೊಂದು ವರ್ಷದಿಂದ ಯೆರವಡಾದ ಗಲ್ಲಿಗಳಲ್ಲಿ ಮದುಮಗಂದಿರನ್ನು ಹೊತ್ತು ಮಂಟಪ ಮುಟ್ಟಿಸಿದವಳು. "ಇನ್ನು ಬಾಯಿಗೆ ಲಗಾಮಿನ ಕಬ್ಬಿಣ ಹಾಕಬೇಡಿ" ಎಂದು ಪಶುವೈದ್ಯರು ಹೇಳಿ ಹೋಗಿದ್ದರು. ಆದರೆ ಇವತ್ತು ಹನ್ನೆರಡಕ್ಕೆ ಮುಹೂರ್ತವಿದ್ದ ಮದುವೆಯೊಂದನ್ನು ನಿಜಲಿಂಗಪ್ಪ ಮೊದಲೇ ಒಪ್ಪಿಕೊಂಡುಬಿಟ್ಟಿದ್ದ.

"ಬಾಯಾಗ ಕಬ್ಬಿಣ ಇಲ್ದ ಆಕಿ ಮಾತ ಕೇಳ್ತಾಳೇನ್ರಿ?" ಹೆಂಡತಿ ಬಸವಣ್ಣೆವ್ವ ಚಹಾ ಕೊಡುತ್ತಲೇ ಶುರು ಮಾಡಿದಳು. "ಇವತ್ತ ಏನರ ದಾಂಧಲೆ ಮಾಡಿದ್ಲಂದ್ರ ಇಂದಾಪುರದಾಗ ನಮ್ಮಣ್ಣನ ಹೊಲಕ್ಕ ಕಳಸೂದ ನೋಡ್ರಿ. ಆಕಿಗೂ ವಯಸ್ಸಾತು, ನಿಮಗೂ ವಯಸ್ಸಾತು."

ಗೌರಾ ಇಲ್ಲದ ಅಂಗಳವನ್ನು ನಿಜಲಿಂಗಪ್ಪನಿಗೆ ನೆನೆಯಲೂ ಆಗಲಿಲ್ಲ. ಚಹಾ ಅಲ್ಲೇ ಆರಿತು.

ಅಷ್ಟರಲ್ಲಿ ಪಕ್ಕದ ಮನೆಯ ಕೇದಾರ ಹೆಗಲ ಮೇಲೆ ಮೂರು ಲಗಾಮು ಹಾಕಿಕೊಂಡು ಬಂದ. ವಿಮಾನ ನಗರದ ಆಫೀಸಿನಲ್ಲಿ ಅವನ ಕೆಲಸ. ಮೂರು ಭಾನುವಾರಗಳಿಂದ ಕುದುರೆ ಸವಾರಿ ಕಲಿಯುತ್ತಿದ್ದುದರಿಂದ ಅವನಿಗೆ ಕುದುರೆಯ ವಿಷಯದಲ್ಲಿ ಗೊತ್ತಿಲ್ಲದ್ದು ಏನೂ ಉಳಿದಿರಲಿಲ್ಲ.

"ಕಾಕಾ, ಕ್ಲಬ್ಬಿನಿಂದ ಕೇಳಿ ತಂದೀನಿ. ಮೂರಕ್ಕೂ ಬಾಯಾಗ ಏನೂ ಇಲ್ಲ. ಇದು ಬರೇ ಮೂಗಿನ ಮ್ಯಾಲಿನ ಪಟ್ಟಿ, ಎಡಕ್ಕ ಜಗ್ಗಿದ್ರ ಮೂಗು ಎಡಕ್ಕ ಬರ್ತದ. ಇದರ ಪಟ್ಟಿ ಗದ್ದದ ಕೆಳಗ ಅಡ್ಡ ಹಾಯ್ತದ, ಬಲಕ್ಕ ಜಗ್ಗಿದ್ರ ಎಡಗಲ್ಲ ನೂಕ್ತದ. ಇದಕ್ಕ ಎರಡೂ ಕಡೆ ಕಬ್ಬಿಣದ ಕೈ ಅವ. ಸ್ವಲ್ಪ ಜಗ್ಗಿದ್ರ ಸಾಕು, ಭಾಳ ಒತ್ತತದ."

"ಆಕಿಗೆ ಯಾವುದು ನೋವಾಗಂಗಿಲ್ಲ?"

"ಹಾಕೇ ನೋಡ್ಬೇಕು."

"ಆಕಿ ಈಗಾಗ್ಲೇ ಸಾಕಷ್ಟು ಅನುಭವಿಸ್ಯಾಳ. ಮೊದಲ ನನಗ ಹಾಕು" ಎಂದು ನಿಜಲಿಂಗಪ್ಪ ಟೋಪಿ ತೆಗೆದು ತಲೆ ಬಗ್ಗಿಸಿದ.

ಪಟ್ಟಿಗಳನ್ನೆಲ್ಲ ಕೊನೆಯ ತೂತಿಗೆ ಬಿಗಿದದ್ದಾಯಿತು. ಮೊದಲನೆಯದರಲ್ಲಿ ಮೂಗು ಸ್ವಲ್ಪ ಕೆರೆಯಿತು, ಅಷ್ಟೇ. ಎರಡನೆಯದು ಚಿಕ್ಕಂದಿನಲ್ಲಿ ಅವ್ವ ಗಲ್ಲ ಹಿಡಿದು ತಲೆ ಬಾಚಿದ ಹಾಗೆ ಹಿತವಾಗಿತ್ತು. ಆದರೆ ಕೇದಾರ ಹಗ್ಗ ಸಡಿಲ ಬಿಟ್ಟರೂ ಪಟ್ಟಿಯ ಬಿಗಿ ಇಳಿಯಲೇ ಇಲ್ಲ. "ಮಾತ ಕೇಳಿದ ಮ್ಯಾಲೂ ಬಿಡಂಗಿಲ್ಲಲೋ ಇದು! ತಗೀ, ತಗೀ" ಎಂದು ನಿಜಲಿಂಗಪ್ಪ ಕೈಯಾಡಿಸಿದ. ನಳದ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತ ನಿಂತರು. ಗೌರಾ ಕೂಡ ಹುಲ್ಲು ಮೆಲ್ಲುವುದನ್ನು ನಿಲ್ಲಿಸಿದಳು.

ಮೂರನೆಯದನ್ನು ಕಟ್ಟಿ ಕೇದಾರ "ಈಗ ಬಲಕ್ಕ" ಎಂದು ಒಂದು ಹಗ್ಗ ಜಗ್ಗಿದ. ಅದೇ ಹೊತ್ತಿಗೆ ಬಸವಣ್ಣೆವ್ವ ಹೊರಗೆ ಬಂದಳು. "ಮಂದಿ ನಗಾಕತ್ತಾರ, ಒಳಗ ನಡೀರಿ!" ಎಂದು ಇನ್ನೊಂದು ಹಗ್ಗ ಹಿಡಿದು ಎಡಕ್ಕೆ ಜಗ್ಗಿದಳು. ಕಟಕ್ಕೆಂದು ಸದ್ದಾಯಿತು. ನಿಜಲಿಂಗಪ್ಪನ ಮುಖ ಎಡಭುಜದ ಕಡೆಗೆ ತಿರುಗಿದ್ದು ಅಲ್ಲೇ ನಿಂತುಬಿಟ್ಟಿತು.

"ಮೊದಲನೇದ ಚಲೋ ಅದ. ಅದನ್ನ ಹಾಕ್ರಿ ಆಕಿಗೆ" ಎಂದು ಅವನು ಗೋಡೆಯನ್ನು ನೋಡುತ್ತ ಹೇಳಿದ.

ಹತ್ತೂವರೆಗೆ ಬ್ಯಾಂಡು ಶುರುವಾಯಿತು. ಮದುಮಗ ಸಾತ್ವಿಕ ಗೌರಾಳನ್ನು ಏರಿದ. ಹಗ್ಗ ಕೇದಾರನ ಕೈಗೆ ಹೋಯಿತು. ನಿಜಲಿಂಗಪ್ಪ "ಸಾವಕಾಶ ಹೋಗವ್ವಾ" ಎಂದು ಗೌರಾಳ ಹಣೆ ಸವರಿದ. ಬಸವಣ್ಣೆವ್ವ ಅವನನ್ನು ಆಟೋಕ್ಕೆ ತುರುಕಿ, ತಾನೂ ಹತ್ತಿ ದವಾಖಾನೆಗೆ ಹೊರಡಿಸಿದಳು.

ಆಟೋ ಎರಡು ತಿರುವು ದಾಟಿತು. ದೂರವಾಗಬೇಕಿದ್ದ ಬ್ಯಾಂಡಿನ ಸದ್ದು ಹತ್ತಿರ ಹತ್ತಿರ ಬರತೊಡಗಿತು. ನಿಜಲಿಂಗಪ್ಪನಿಗೆ ಹಿಂದೆ ತಿರುಗುವ ಹಾಗಿಲ್ಲ. ಹಿಂದೆ ಏನಿದೆ ಎಂದು ಮರಾಠಿಯಲ್ಲಿ ಕೇಳಿದ. ಡ್ರೈವರ್ ಕನ್ನಡಿ ನೋಡಿ ಹೌಹಾರಿದ.

"ಕಾಕಾ, ನವರದೇವ ಯೇತೋಯ್!"

ಬರುತ್ತಿದ್ದವನು ಮದುಮಗನೇ. ಮುಂದೆ ಗೌರಾ, ಮೇಲೆ ಬಾಸಿಂಗ ಹಿಡಿದುಕೊಂಡು ಬಾಗಿದ ಸಾತ್ವಿಕ. ಹಗ್ಗಕ್ಕೆ ಜೋತುಬಿದ್ದು "ಬಲಕ್ಕ, ಬಲಕ್ಕ" ಎಂದು ಕೂಗುವ ಕೇದಾರ. ಅವರ ಹಿಂದೆ ಬ್ಯಾಂಡು, ಬೀಗರು, ಕಳಶ ಹಿಡಿದ ಮುತ್ತೈದೆಯರು. ಇಡೀ ಮೆರವಣಿಗೆ ಸಾಲಾಗಿ ಬಂದು ದವಾಖಾನೆಯ ಬಾಗಿಲಲ್ಲಿ ನಿಂತಿತು. ಗೌರಾ ಒಳಗೆ ಮೂತಿ ತೂರಿಸಿ, ಬೆಂಚಿನ ಮೇಲೆ ಕೂತಿದ್ದ ನಿಜಲಿಂಗಪ್ಪನ ಕತ್ತಿನ ಮೇಲೆ ಬಿಸಿ ಉಸಿರು ಬಿಟ್ಟಳು.

ಆಗ ಅವನಿಗೆ ತಿಳಿಯಿತು. ಇಷ್ಟು ವರ್ಷ ಅವಳನ್ನು ನಡೆಸಿದ್ದು ಬಾಯೊಳಗಿನ ಕಬ್ಬಿಣ ಅಲ್ಲವೇ ಅಲ್ಲ. ಒಂದು ಹೆಜ್ಜೆ ಮುಂದೆ ತಾನು ನಡೆಯುತ್ತಿದ್ದ, ಅವಳು ತನ್ನ ಹಿಂದೆ ಬರುತ್ತಿದ್ದಳು. ಬೇಡದ ಕಬ್ಬಿಣವನ್ನು ಹನ್ನೊಂದು ವರ್ಷ ಕಚ್ಚಿಸಿದೆನಲ್ಲ ಎಂದು ಅವನು ಎಲ್ಲರೆದುರು ಅತ್ತುಬಿಟ್ಟ.

"ಅಳಬ್ಯಾಡ್ರಿ" ಎಂದಳು ಬಸವಣ್ಣೆವ್ವ, ತಾನೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಈಕಿನ್ನ ಇಂದಾಪುರಕ್ಕ ಕಳಸಬೇಕಂದ್ರ ನಿಮ್ಮನ್ನೂ ಗಾಡಿ ಹತ್ತಿಸಬೇಕಾಗ್ತದ. ಇಲ್ಲೇ ಇರ್ಲಿ ತಗೋರಿ."

ಡಾಕ್ಟರು ನಿಜಲಿಂಗಪ್ಪನ ಮುಖವನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿದರು. ಕುತ್ತಿಗೆಗೆ ದಪ್ಪನೆಯ ಪಟ್ಟಿ ಬಿಗಿದು, "ಮದುವೆಯ ಹಂಗಾಮು ಮುಗಿಯುವವರೆಗೆ ಇದನ್ನು ಬಿಚ್ಚಬೇಡಿ, ಮನೆಯಲ್ಲೇ ಮಲಗಿ" ಎಂದರು. ಹೊರಗೆ ಸಾತ್ವಿಕನ ತಂದೆ ಗಡಿಯಾರ ನೋಡಿ ಕೈಮುಗಿದು ನಿಂತಿದ್ದರು.

ಮಲಗುವುದು ಎಲ್ಲಿ ಬಂತು! ಆ ಹಂಗಾಮಿನ ಹದಿನಾಲ್ಕು ಮದುವೆಗಳಿಗೂ ಗೌರಾ ಲಗಾಮೇ ಇಲ್ಲದೆ, ತಲೆ ಕುಣಿಸುತ್ತ ಹೋದಳು. ಅವಳ ಮುಂದೆ ಮುಂದೆ, ಕೊರಳಿಗೆ ಪಟ್ಟಿ ಬಿಗಿಸಿಕೊಂಡ ನಿಜಲಿಂಗಪ್ಪ ಅತ್ತ ಇತ್ತ ನೋಡದೆ ನೆಟ್ಟಗೆ ನಡೆದ.